ಎಡಗಡೆ ಸವೆದ ಗೋಪುರ

ಹನೋಯ್
12 ನವೆಂಬರ್ 1988

ಕಾಮ್ರೇಡ್ ಥೋವಾ ಅವರಿಗೆ,

ಕಳೆದ ತಿಂಗಳು ನಿಮ್ಮ ನಾ ಲೂಂಗ್ ಚಹಾ ತೋಟಕ್ಕೆ ಜನಸಂಖ್ಯಾ ಅಧ್ಯಯನದ ತಂಡದೊಂದಿಗೆ ಬಂದಿದ್ದ ದ್ವಾನ್ ನಾನು. ಕೆಲಸಗಾರರ ಲೈನ್ ಮನೆಯ ಮೆಟ್ಟಿಲ ಮೇಲೆ ಜಾರಿಬಿದ್ದ ಕನ್ನಡಕದವನು ಎಂದರೆ ಬೇಗ ನೆನಪಾಗಬಹುದು.

ಯಾರು ಯಾವ ವಯಸ್ಸಿಗೆ ಮದುವೆಯಾಗುತ್ತಾರೆ, ಯಾರು ಆಗುವುದಿಲ್ಲ, ಏಕೆ ಆಗುವುದಿಲ್ಲ ಎಂಬುದು ನಮ್ಮ ಅಧ್ಯಯನದ ವಿಷಯ. ನಿಮ್ಮ ಉತ್ತರಗಳನ್ನು ಬರೆದುಕೊಂಡವಳು ನನ್ನ ಸಹಾಯಕಿ ಲಿಯೂ. ಅದರಲ್ಲಿ ಎರಡು ಕಡೆ ತೊಡಕಾಗಿದೆ. ಹೆಣ್ಣಿಗೆ ಮದುವೆಯಾಗಲು ಸರಿಯಾದ ವಯಸ್ಸು ಯಾವುದು ಎಂಬ ಪ್ರಶ್ನೆಯ ಮುಂದೆ ಏನೂ ಇಲ್ಲ. ಈವರೆಗೆ ಮದುವೆಯಾಗದಿರಲು ಕಾರಣವೇನು ಎಂಬಲ್ಲಿ ಲಿಯೂ 'ನಕ್ಕರು' ಎಂದು ಬರೆದಿದ್ದಾಳೆ. ಪ್ರತಿ ಉತ್ತರಕ್ಕೂ ನಾವು ಒಂದು ಸಂಕೇತ ಸಂಖ್ಯೆ ಹಾಕುತ್ತೇವೆ, ನಗುವಿಗೆ ಅಂಥದ್ದಿಲ್ಲ.

ಬಿಡುವಾದಾಗ ಈ ಎರಡಕ್ಕೂ ಉತ್ತರ ಬರೆದು ಕಳಿಸಿದರೆ ಉಪಕಾರವಾಗುತ್ತದೆ. ನೀವು ಕೊಟ್ಟ ಬೇಯಿಸಿದ ಮರಗೆಣಸಿಗೂ ಚಹಾಕ್ಕೂ ತಂಡದ ಪರವಾಗಿ ಧನ್ಯವಾದ.

ದ್ವಾನ್

~

ನಾ ಲೂಂಗ್ ಚಹಾ ತೋಟ, ಯೆನ್ ಬಾಯ್
4 ಡಿಸೆಂಬರ್ 1988

ಕಾಮ್ರೇಡ್ ದ್ವಾನ್ ಅವರಿಗೆ,

ನಿಮ್ಮ ಕಾಗದ ಬಂದಾಗ ನಾನು ಗುಡ್ಡದ ಮೇಲಿದ್ದೆ. ನನ್ನ ಜೊತೆ ಒಂದೇ ಕೋಣೆಯಲ್ಲಿರೋ ಮುಯಿ ಅದನ್ನ ಇಸ್ಕೊಂಡು, ಲೈನಿನ ಹೆಂಗಸರಿಗೆಲ್ಲ ತೋರಿಸಿ, ಆಮೇಲೆ ನನಗೆ ಕೊಟ್ಟಳು. ಇಲ್ಲಿ ನಿಮಗೆ 'ಮದುವೆ ಲೆಕ್ಕದ ಮೇಷ್ಟ್ರು' ಅಂತ ಹೆಸರು ಬಿದ್ದಿದೆ. ಹನೋಯ್‌ನಿಂದ ಥೋವಾಗೆ ಸಂಬಂಧ ಬಂತು ಅಂತ ಒಂದು ವಾರ ನನ್ನನ್ನ ಆಡಿಸಿದರು.

ಮೊದಲನೇ ಪ್ರಶ್ನೆಗೆ ಉತ್ತರ ಇಪ್ಪತ್ತೆರಡು ಅಂತ ಬರ್ಕೊಳ್ಳಿ. ನಾನು ಇಪ್ಪತ್ತೆರಡನೇ ವಯಸ್ಸಲ್ಲಿ, ಯುದ್ಧದ ಕಾಲದಲ್ಲಿ, ತ್ರೂಂಗ್ ಸೋನ್ ಕಾಡಿನ ರಸ್ತೇಲಿ ಬಾಂಬ್ ಬಿದ್ದ ಗುಂಡಿ ಮುಚ್ಚುತ್ತಿದ್ದೆ. ಹಾಗಾಗಿ ಅದು ಮದುವೆಗೆ ಒಳ್ಳೆ ವಯಸ್ಸೇ ಇರಬೇಕು.

ಎರಡನೇದಕ್ಕೆ ಯಾಕೆ ನಕ್ಕೆ ಅಂದರೆ, ಆ ಲಿಯೂ ಹುಡುಗಿಗೆ ಇನ್ನೂ ಇಪ್ಪತ್ತೈದು ಆಗಿರಲಿಕ್ಕಿಲ್ಲ. ಅವಳಿಗೆ ಹೇಗೆ ಹೇಳೋದು? ನಮ್ಮೂರಲ್ಲಿ ಖಿಯೆಮ್ ಅಂತ ಒಬ್ಬ ಹುಡುಗ ಇದ್ದ. ಯುದ್ಧಕ್ಕೆ ಅಂತ ದಕ್ಷಿಣಕ್ಕೆ ಹೊರಡೋ ಹಿಂದಿನ ದಿನ ಬಂದು ನಮ್ಮ ಮನೆಯ ಹುಲ್ಲಿನ ಸೂರು ಸರಿಮಾಡಿದ. ಅಮ್ಮ ಊಟಕ್ಕೆ ಹಾಕಿದರು. ಹೊಟ್ಟೆ ತುಂಬ ಉಂಡ, ಕೈ ತೊಳೆದ, ಹೊರಟ. ಏನೂ ಹೇಳಲಿಲ್ಲ. ನಾನೂ ಏನೂ ಕೇಳಲಿಲ್ಲ. ಯುದ್ಧ ಮುಗಿದ ವರ್ಷ ಅವನ ತಾಯಿಗೆ, ಅವನು ಸತ್ತ ಅಂತ ಸರ್ಕಾರದ ಕಾಗದ ಬಂತು. ನಾನು ಮಲೇರಿಯಾದಲ್ಲಿ ಹಳದಿಯಾಗಿ, ಅರ್ಧ ಕೂದಲು ಉದುರಿಸಿಕೊಂಡು ವಾಪಸ್ ಬಂದೆ. ಬದುಕಿ ಬಂದ ಗಂಡಸರಿಗೆ ಹದಿನೆಂಟರ ಹುಡುಗಿಯರು ಬೇಕಿತ್ತು. ಅವರನ್ನೂ ಬೈಯೋಕಾಗಲ್ಲ. ಅವರಿಗೂ ಸಾಕಾಗಿತ್ತು.

ಇದಕ್ಕೆ ಯಾವ ಸಂಖ್ಯೆ ಇದೆಯೋ ಅದನ್ನ ಹಾಕ್ಕೊಳ್ಳಿ. ಒಂದು ಮಾತು ಕೇಳಲಾ? ಇದನ್ನೆಲ್ಲ ತಿಳ್ಕೊಂಡು ನೀವು ಏನು ಮಾಡ್ತೀರಿ?

ಥೋವಾ

~

ಹನೋಯ್
9 ಜನವರಿ 1989

ಥೋವಾ ಅವರೇ,

ನಿಮ್ಮ ಪ್ರಶ್ನೆಗೆ ಬರೀ ಮಾತಿನಲ್ಲಿ ಉತ್ತರ ಹೇಳುವುದು ನನಗೆ ಕಷ್ಟ. ಒಂದು ಚಿತ್ರ ಕಳಿಸುತ್ತಿದ್ದೇನೆ.

ಇದನ್ನು ನಾವು ವಯಸ್ಸಿನ ಗೋಪುರ ಎನ್ನುತ್ತೇವೆ. ದೇಶದ ಜನರನ್ನೆಲ್ಲ ವಯಸ್ಸಿನ ಪ್ರಕಾರ ಒಂದರ ಮೇಲೊಂದು ಪಟ್ಟಿಯಾಗಿ ಜೋಡಿಸಿದ್ದು. ಎಡಗಡೆ ಗಂಡಸರು, ಬಲಗಡೆ ಹೆಂಗಸರು. ತಳದಲ್ಲಿ ಕೂಸುಗಳು, ತುದಿಯಲ್ಲಿ ಮುದುಕರು. ಎರಡೂ ಬದಿ ಸಾಮಾನ್ಯವಾಗಿ ಸಮ ಇರುತ್ತವೆ. ನಮ್ಮ ಗೋಪುರದಲ್ಲಿ ನಿಮ್ಮ ವಯಸ್ಸಿನ ಹತ್ತಿರ ಎಡಗಡೆ ನೋಡಿ. ಯಾರೋ ಕಚ್ಚಿ ತೆಗೆದ ಹಾಗಿದೆ. ಬಲಗಡೆಯ ಪಟ್ಟಿಗಳು ಚಾಚಿಕೊಂಡು ನಿಂತಿವೆ, ಅವುಗಳ ಎದುರು ಯಾರೂ ಇಲ್ಲ. ನಿಮಗೆ ಮದುವೆಯಾಗಲಿಲ್ಲ ಎಂದು ಊರವರು ನಿಮ್ಮ ಮುಖ ನೋಡಿ ಕಾರಣ ಹುಡುಕುತ್ತಾರೆ. ಕಾರಣ ನಿಮ್ಮ ಮುಖದಲ್ಲಿಲ್ಲ, ಇಲ್ಲಿದೆ. ಅದನ್ನು ಅಧಿಕಾರದಲ್ಲಿರುವವರಿಗೆ ಅರ್ಥವಾಗುವ ಹಾಗೆ ಬರೆಯುವುದು ನನ್ನ ಕೆಲಸ.

ಎಡಗಡೆಯಲ್ಲಿ ಉಳಿದವರಲ್ಲಿ ನಾನೂ ಒಬ್ಬ. ಗಣಿತದಲ್ಲಿ ಚುರುಕಾಗಿದ್ದೆನೆಂದು ಆ ವರ್ಷಗಳಲ್ಲಿ ನನ್ನನ್ನು ಓದಲು ಕೀವ್‌ಗೆ ಕಳಿಸಿದ್ದರು. ನನ್ನ ತರಗತಿಯ ಹುಡುಗರು ಬೇರೆ ಕಡೆ ಹೋದರು.

ನಿಮ್ಮ ಎರಡನೆಯ ಉತ್ತರಕ್ಕೆ ನಾನು ಯಾವ ಸಂಖ್ಯೆಯನ್ನೂ ಹಾಕಿಲ್ಲ. ಚಹಾ ತೋಟದ ಚಳಿ ಹೇಗಿದೆ?

ದ್ವಾನ್

~

ನಾ ಲೂಂಗ್
19 ಫೆಬ್ರವರಿ 1989

ದ್ವಾನ್ ಅವರೇ,

ನಿಮ್ಮ ಚಿತ್ರ ಬಂದಾಗ ನಾವು ಹೊಸ ವರ್ಷದ ಹಬ್ಬಕ್ಕೆ ಅಂಟಕ್ಕಿ ಕಡುಬನ್ನ ಎಲೆಯಲ್ಲಿ ಸುತ್ತುತ್ತಾ ಕೂತಿದ್ದೆವು. ಮುಯಿ ಅದನ್ನ ಗೋಡೆಗೆ ಅಂಟಿಸಿದಳು. ನೀವು ಬರೆದದ್ದನ್ನ ನಾನು ಓದಿ ಹೇಳಿದೆ. ಆಮೇಲೆ ಒಬ್ಬೊಬ್ಬರೇ ಎದ್ದು ಹೋಗಿ, ಆ ಕಚ್ಚಿದ ಜಾಗದ ಮೇಲೆ ಬೆರಳಿಟ್ಟು ನೋಡಿದರು. ಅಂಟಕ್ಕಿ ಮೆತ್ತಿದ ಕೈ. ಚಿತ್ರ ಆ ಜಾಗದಲ್ಲಿ ಈಗ ಕೊಳೆಯಾಗಿದೆ. ನಿಮಗೆ ಅದು ಖಾಲಿ ಜಾಗ. ನಮ್ಮ ಲೈನಿನಲ್ಲಿ ಪ್ರತಿಯೊಬ್ಬರಿಗೂ ಅಲ್ಲಿರೋ ಒಂದೆರಡು ಹೆಸರು ಗೊತ್ತು.

ಆದರೂ ಅವತ್ತು ನಮ್ಮ ಹೆಂಗಸರ ಬೆನ್ನು ಸ್ವಲ್ಪ ನೆಟ್ಟಗಾಯಿತು. 'ನೋಡ್ರೇ, ತಪ್ಪು ನಮ್ಮ ಮೂಗಿಂದಲ್ಲ' ಅಂದಳು ಮುಯಿ.

ಮುಯಿ ವಿಷಯ ನಿಮಗೆ ಹೇಳಲೇಬೇಕು. ಅವಳಿಗೆ ನನ್ನಷ್ಟೇ ವಯಸ್ಸು, ಮದುವೆಯಿಲ್ಲ. ನೀವು ಬಂದಾಗ ಅವಳ ಹೊಟ್ಟೆ ದಪ್ಪ ಕೋಟಿನೊಳಗಿತ್ತು. ಹಬ್ಬ ಕಳೆದ ವಾರ ಗಂಡು ಮಗು ಆಯಿತು. ಇಲ್ಲಿ ಇದಕ್ಕೆ 'ಮಗು ಕೇಳೋದು' ಅಂತಾರೆ. ಯಾರೋ ದಾರಿಹೋಕ ಗಂಡಸನ್ನ, ಮುಂದೆ ಹಕ್ಕು ಕೇಳಲ್ಲ, ಹೆಸರು ಹೇಳಲ್ಲ ಅಂತ ಮಾತು ಕೊಟ್ಟು, ಒಂದು ಮಗು ಕೇಳೋದು. ಸಭೆ ಕರೆದರು. ಮ್ಯಾನೇಜರ್ ವೂಂಗ್ ಮೂರು ಸಲ ಕೇಳಿದ, ಅಪ್ಪ ಯಾರು ಅಂತ. ಮುಯಿ ಮಗೂಗೆ ಹಾಲು ಕೊಡ್ತಾ ಕೂತಿದ್ದಳು. ತಲೆ ಎತ್ತದೆ ಹೇಳಿದಳು:

'ನಾನು ಇಪ್ಪತ್ತು ವರ್ಷ ಈ ದೇಶಕ್ಕೆ ಕೊಟ್ಟೆ. ಒಂದು ಮಗು ನಂಗೆ ಅಂತ ಇಟ್ಕೊಂಡೆ. ಯಾರಿಗೇನು ಕಮ್ಮಿ ಆಯ್ತು ವೂಂಗ್ ಅಣ್ಣ?'

ಕೋಣೆ ಖಾಲಿ ಮಾಡಿಸಬೇಕು ಅಂತ ಕೆಲವರು ಪಟ್ಟು ಹಿಡಿದಿದ್ದರು. ತೋಟದ ಅಡುಗೆಮನೆಯ ಮುದುಕಿ ಎದ್ದು ನಿಂತು, ಅವಳನ್ನ ಆಚೆ ಹಾಕಿದರೆ ನಾಳೆಯಿಂದ ನಿಮಗೆ ನೀವೇ ಬೇಯಿಸಿಕೊಳ್ಳಿ ಅಂದಳು. ಸಭೆ ಅಲ್ಲಿಗೆ ಮುಗೀತು.

ಮುಯಿಯನ್ನ ನಿಮ್ಮ ಗೋಪುರದಲ್ಲಿ ಎಲ್ಲಿಡ್ತೀರಿ?

ಚಳಿ ಇದೆ. ಕೇಳಿದಿರಲ್ಲ, ಅದಕ್ಕೆ ಹೇಳಿದೆ.

ಥೋವಾ

~

ಹನೋಯ್
25 ಮಾರ್ಚ್ 1989

ಥೋವಾ,

ಮುಯಿಯನ್ನು ಇಡಲು ನಮ್ಮಲ್ಲಿ ಜಾಗವಿಲ್ಲ. ಮದುವೆಯಾಗದವರು ಎಂದು ಬರೆದ ಕೂಡಲೇ ಮಕ್ಕಳ ಪ್ರಶ್ನೆಗಳನ್ನೆಲ್ಲ ಬಿಟ್ಟುಬಿಡುತ್ತೇವೆ. ನಿಮ್ಮ ಕಾಗದವನ್ನು ಓದಿದ ಮೇಲೆ ನಮ್ಮ ಮುಖ್ಯಸ್ಥರ ಹತ್ತಿರ ಹೋದೆ. ಮದುವೆಯಾಗದ ಹೆಣ್ಣಿಗೆ ಆ ಪ್ರಶ್ನೆ ಕೇಳುವುದು ಅವಮಾನ ಎಂದರು ಅವರು. ಕೇಳದೆ ಬಿಡುವುದೇ ಅವಮಾನ ಎಂದೆ ನಾನು. ನಾನು ಯಾರ ಎದುರೂ ದನಿ ಎತ್ತಿದವನಲ್ಲ. ಅವರು ಬೆಚ್ಚಿದರೋ ಏನೋ, ಮೇ ತಿಂಗಳಲ್ಲಿ ನಿಮ್ಮ ಕಡೆಯ ತೋಟಗಳಲ್ಲಿ ಮಾತ್ರ ಕೇಳಿ ನೋಡಿ ಎಂದು ಒಪ್ಪಿದರು. ಹಾಗಾಗಿ ಮತ್ತೆ ಬರುತ್ತಿದ್ದೇನೆ.

ಈಗೀಗ ಸಂಜೆ ಕಚೇರಿಯಿಂದ ಮನೆಗೆ ಹೋಗಲು ಮನಸ್ಸಾಗುವುದಿಲ್ಲ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂದು ನನಗೆ ಇನ್ನೂ ತಿಳಿದಿಲ್ಲ. ಯಾವಾಗಲೂ ಅನ್ನ ಹೆಚ್ಚಾಗುತ್ತದೆ. ಮರುದಿನ ಅದನ್ನೇ ಹುರಿದು ತಿನ್ನುತ್ತಾ, ನಿಮ್ಮ ಲೈನಿನಲ್ಲಿ ಈಗ ಯಾರು ಯಾರನ್ನು ಗೋಳುಹೊಯ್ದುಕೊಳ್ಳುತ್ತಿದ್ದಾರೋ ಎಂದು ಯೋಚಿಸುತ್ತೇನೆ.

ಮೆಟ್ಟಿಲನ್ನು ಈ ಸಲ ನೋಡಿಕೊಂಡು ಹತ್ತುತ್ತೇನೆ.

ದ್ವಾನ್

~

ನಾ ಲೂಂಗ್
8 ಜೂನ್ 1989

ಕಾಮ್ರೇಡ್ ದ್ವಾನ್ ಅವರಿಗೆ,

ನಿಮ್ಮ ತಂಡ ಹೋದ ಮೇಲೆ ಪಕ್ಕದ ತೋಟದ ಹೆಂಗಸರು ಉಳಿದ ಉತ್ತರಗಳನ್ನ ಕೊಟ್ಟಿದ್ದಾರೆ. ಇದರ ಜೊತೆ ಕಳಿಸಿದ್ದೀನಿ.

ಹೊರಡೋ ದಿನ ನಾನು ರೈಲು ನಿಲ್ದಾಣದವರೆಗೂ ಬರ್ತೀನಿ ಅಂದವಳು ಬರಲಿಲ್ಲ. ಮೈ ಬಿಸಿಯಾಗಿತ್ತು ಅಂತ ಮುಯಿ ಹತ್ತಿರ ಹೇಳಿಸಿದ್ದೆ. ಅದು ಸುಳ್ಳು. ಅವತ್ತು ಬೆಳಿಗ್ಗೆ ಬಾವಿ ಹತ್ತಿರ ಲಿಯೂ ತಲೆ ತೊಳ್ಕೊಳ್ತಾ ಇದ್ದಳು. ಅವಳ ಸಾಬೂನು ಘಮ್ಮಂತ ಇತ್ತು. ಎಲ್ಲಿಂದಮ್ಮ ಇದು ಅಂದೆ. 'ದ್ವಾನ್ ಸರ್ ಕೊಟ್ರು ಅಕ್ಕ. ಅವರ ಹೆಂಡತಿ ಜರ್ಮನಿಯಿಂದ ಕಳಿಸ್ತಾರೆ' ಅಂದಳು.

ಸಂಜೆ ಸಂಜೆ ನೀವು ನನ್ನ ಜೊತೆ ಮೇಲಿನ ಗುಡ್ಡಕ್ಕೆ ನಡೆದು ಬಂದಿರಿ. ಕೀವ್ ಊರಿನ ಹಿಮದ ಬಗ್ಗೆ ಹೇಳಿದಿರಿ, ನಿಮ್ಮ ತಾಯಿಯ ಬಗ್ಗೆ ಹೇಳಿದಿರಿ, ಸಣ್ಣವರಿದ್ದಾಗ ನಾಯಿ ಕಚ್ಚಿದ್ದನ್ನೂ ಹೇಳಿದಿರಿ. ಎಲ್ಲರ ಮದುವೆ ಬಗ್ಗೆ ಕೇಳೋ ಕೆಲಸ ನಿಮ್ಮದು. ನಿಮ್ಮದನ್ನ ನಾನೇ ಕೇಳಬೇಕಿತ್ತು. ಕೇಳೋದು ಹೊಳೆಯಲಿಲ್ಲ. ಒಬ್ಬನಿಗೆ ಅಕ್ಕಿ ಹಾಕೋದು ಅಂತ ಬರೆದಿದ್ದಿರಲ್ಲ, ಅದನ್ನ ನಾನು ನನಗೆ ಬೇಕಾದ ಹಾಗೆ ಓದಿಕೊಂಡೆ.

ಬೇರೆ ಉತ್ತರ ಏನಾದರೂ ಬೇಕಿದ್ದರೆ ತೋಟದ ಕಚೇರಿಗೆ ಬರೀರಿ.

ಥೋವಾ

~

ಹನೋಯ್
20 ಜೂನ್ 1989

ಥೋವಾ,

ಕಚೇರಿಗೆ ಬರೆಯುವುದಿಲ್ಲ. ನಿಮಗೇ ಬರೆಯುತ್ತೇನೆ. ಓದದೆ ಹರಿದರೂ ಸರಿ.

ನನ್ನ ಹೆಂಡತಿಯ ಹೆಸರು ತುಯೆತ್. ನಾಲ್ಕು ವರ್ಷದ ಹಿಂದೆ ಗುತ್ತಿಗೆ ಕೆಲಸಕ್ಕೆಂದು ಪೂರ್ವ ಜರ್ಮನಿಗೆ ಹೋದಳು. ಅಲ್ಲಿ ಜಾಕೆಟ್ಟಿನ ತೋಳು ಹೊಲಿಯುತ್ತಾಳೆ. ಅದಕ್ಕೂ ಮೊದಲು ನಮಗೊಂದು ಗಂಡು ಮಗು ಹುಟ್ಟಿ, ವರ್ಷ ತುಂಬುವ ಮುಂಚೆ ಹೋಯಿತು. ಆಮೇಲೆ ನಮ್ಮಿಬ್ಬರಿಗೂ ಒಂದೇ ಕೋಣೆಯಲ್ಲಿ ಕುಳಿತು ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಅವಳು ಹೋಗುತ್ತೇನೆಂದಾಗ ಬೇಡವೆಂದು ನಾನೂ ಹೇಳಲಿಲ್ಲ. ಮೊದಮೊದಲು ತಿಂಗಳಿಗೊಂದು ಕಾಗದ ಬರುತ್ತಿತ್ತು. ಈಗ ಸಾಬೂನು ಬರುತ್ತದೆ, ಜೊತೆಗೆ ಒಂದು ಚೀಟಿ: ಆರೋಗ್ಯ ನೋಡಿಕೊಳ್ಳಿ. ಅಷ್ಟೇ. ಮುಂದಿನ ವಸಂತಕ್ಕೆ ಅವಳ ಗುತ್ತಿಗೆ ಮುಗಿಯುತ್ತದೆ.

ಇಂಥವರಿಗೆ ನಮ್ಮ ಶಾಸ್ತ್ರದಲ್ಲಿ 'ವಿವಾಹಿತ, ಸಂಗಾತಿ ಊರಲ್ಲಿಲ್ಲ' ಎಂಬ ಹೆಸರಿದೆ. ನಾನೇ ಎಷ್ಟೋ ಜನರಿಗೆ ಹಾಗೆ ಬರೆದಿದ್ದೇನೆ. ಅದನ್ನು ನಿಮಗೆ ಹೇಳಿದರೆ ನೀವು ಮೇಲಿನ ಗುಡ್ಡಕ್ಕೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸುತ್ತೀರಿ ಎಂದು ಹೇಳಲಿಲ್ಲ. ಇನ್ನೊಂದು ಸಂಜೆ ಇರಲಿ, ಆಮೇಲೆ ಹೇಳೋಣ ಅಂದುಕೊಂಡೆ. ಆ ಇನ್ನೊಂದು ಸಂಜೆ ಬಂದಾಗ ಮತ್ತೊಂದು ಬೇಕೆನಿಸಿತು.

ಗುಡ್ಡದ ಮೇಲೆ ನೀವು ಬುಟ್ಟಿ ಇಳಿಸಿ, ಹಣೆ ಒರೆಸಿಕೊಂಡು, ಕೆಳಗೆ ಕೆರೆಯ ಕಡೆ ನೋಡುತ್ತಾ ನಿಲ್ಲುತ್ತಿದ್ದಿರಿ. ಹನೋಯ್‌ನ ಈ ಗದ್ದಲದಲ್ಲಿ ಸೈಕಲ್ ತುಳಿಯುವಾಗಲೂ ನನಗೆ ಅದೇ ಕಾಣುತ್ತದೆ.

ದ್ವಾನ್

~

ನಾ ಲೂಂಗ್
10 ಸೆಪ್ಟೆಂಬರ್ 1989

ದ್ವಾನ್,

ಹರಿಯಲಿಲ್ಲ. ಬೇಸಿಗೆಯೆಲ್ಲ ಕಾಗದ ದಿಂಬಿನ ಕೆಳಗಿತ್ತು. ಸಿಟ್ಟು ಇಳಿಯೋಕೆ ಇಷ್ಟು ದಿನ ಬೇಕಾಯಿತು. ಇಳಿದ ಮೇಲೆ ಅದರ ಕೆಳಗೆ ಏನಿದೆ ಅಂತ ನೋಡೋಕೆ ಹೆದರಿಕೆ ಆಯಿತು.

ನಿಮ್ಮ ಮಗುವಿನ ವಿಷಯ ಓದಿ ಮುಯಿಯ ಮಗನನ್ನ ಎತ್ಕೊಂಡು ಕೂತೆ. ಅವನಿಗೆ ಈಗ ಎರಡು ಹಲ್ಲು ಬಂದಿದೆ. ನನ್ನ ಬೆರಳು ಕಚ್ಚುತ್ತಾನೆ.

ನನಗೆ ಮೂವತ್ತೊಂಬತ್ತು. ಆಸ್ಪತ್ರೆಯ ನರ್ಸಮ್ಮನನ್ನ ಕೇಳಿದೆ. ಇನ್ನೂ ಆಗುತ್ತೆ, ಆದರೆ ಬೇಗ ಅಂದಳು. ಈಗ ನಾನು ಬರೆಯೋದನ್ನ ಎರಡು ಸಲ ಓದಬೇಡಿ, ಒಂದೇ ಸಲ ಓದಿ.

ನಿಮ್ಮಿಂದ ನನಗೊಂದು ಮಗು ಬೇಕು.

ಗಂಡ ಬೇಡ. ನಿಮ್ಮನ್ನ ಯಾರಿಂದಲೂ ಕಿತ್ಕೊಳ್ಳಲ್ಲ. ತುಯೆತ್ ಅವರು ವಾಪಸ್ ಬಂದರೆ ಅವರ ಮನೆ ಅವರಿಗೇ ಇರಲಿ. ನಿಮ್ಮ ಹೆಸರು ಯಾವ ಸಭೆಯಲ್ಲೂ ನನ್ನ ಬಾಯಿಂದ ಬರಲ್ಲ. ಅಪ್ಪನ ಹೆಸರಿಲ್ಲದ ಮಗುವಿಗೂ ಹಕ್ಕಿದೆ ಅಂತ ಹೊಸ ಕಾನೂನನ್ನ ಮೇ ತಿಂಗಳಲ್ಲಿ ನಮ್ಮೆಲ್ಲರ ಎದುರು ಓದಿ ಹೇಳಿದವರು ನೀವೇ. ಮುಯಿ ದಾರಿಹೋಕನನ್ನ ಕೇಳಿದಳು. ನಾನು ಹಾಗೆ ಕೇಳೋಕಾಗದೆ ಇಷ್ಟು ವರ್ಷ ಇದ್ದೆ. ಈಗ ಕೇಳಬೇಕು ಅನ್ನಿಸಿದ ಒಬ್ಬರು ಸಿಕ್ಕಿದ್ದಾರೆ.

ಆಗಲ್ಲ ಅಂದರೆ ಆಗಲ್ಲ ಅನ್ನಿ. ನನಗೇನೂ ಆಗಲ್ಲ. ಆದರೆ ಅಧ್ಯಯನದ ಭಾಷೆಯಲ್ಲಿ ಮಾತ್ರ ಉತ್ತರ ಬರೀಬೇಡಿ.

ಥೋವಾ

~

ಹನೋಯ್
6 ಅಕ್ಟೋಬರ್ 1989

ಪ್ರೀತಿಯ ಥೋವಾ,

ಒಂದೇ ಸಲ ಓದಲು ಆಗಲಿಲ್ಲ, ಕ್ಷಮಿಸಿ.

ರೈಲಿನ ಟಿಕೆಟ್ ತೆಗೆಯಲು ಎರಡು ಸಲ ನಿಲ್ದಾಣಕ್ಕೆ ಹೋಗಿ ಹಿಂದಿರುಗಿದೆ. ನನಗೆ ಮನಸ್ಸಿಲ್ಲ ಎಂದು ತಿಳಿಯಬೇಡಿ. ಮನಸ್ಸಿರುವುದರಿಂದಲೇ ಹೀಗೆ ಬೇಡ ಎನ್ನುತ್ತಿದ್ದೇನೆ. ಕದ್ದು ಬಂದು, ಕದ್ದು ಹೋಗಿ, ನನ್ನ ಮಗುವನ್ನು ಬೇರೆಯವರ ಮಗುವಿನ ಹಾಗೆ ದೂರದಿಂದ ನೋಡುವುದು ನನ್ನಿಂದಾಗದು. ಒಂದನ್ನು ಕಳೆದುಕೊಂಡವನು ನಾನು. ನಿಮ್ಮನ್ನೂ ನಾಳೆ ಯಾರೋ ನಮ್ಮ ಅಧ್ಯಯನದ ವರದಿಯಲ್ಲಿ 'ಗಂಡನಿಲ್ಲದ ತಾಯಿ' ಎಂದು ಎಣಿಸುವ ಹಾಗಾಗಬಾರದು.

ವಸಂತದವರೆಗೆ ಕಾಯಿರಿ. ತುಯೆತ್ ಬರಲಿ. ಅವಳ ಎದುರು ಕುಳಿತು ಎಲ್ಲ ಹೇಳುತ್ತೇನೆ. ಆಮೇಲೆ ನಿಮ್ಮ ಲೈನಿನ ಎಲ್ಲರೂ ನೋಡುತ್ತಿರುವಾಗ, ಹಗಲು ಹೊತ್ತಿನಲ್ಲಿ ಬರುತ್ತೇನೆ. ಕೆಲವೇ ತಿಂಗಳು. ಇಷ್ಟು ವರ್ಷ ಕಾದವರಿಗೆ ಅದೇನು ದೊಡ್ಡದಲ್ಲ.

ನಿಮ್ಮ
ದ್ವಾನ್

~

ಹನೋಯ್
15 ಜನವರಿ 1990

ಪ್ರೀತಿಯ ಥೋವಾ,

ಅಕ್ಟೋಬರಿನ ಕಾಗದ ತಲುಪಿತೇ? ಡಿಸೆಂಬರಿನಲ್ಲಿ ಇನ್ನೊಂದು ಬರೆದೆ. ಅದಕ್ಕೂ ಉತ್ತರವಿಲ್ಲ. ಸಿಟ್ಟಾಗಿದ್ದೀರಿ. ಆಗಬೇಕಾದದ್ದೇ. ಬೇಸಿಗೆಯಲ್ಲೂ ಹೀಗೇ ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಬರೆದಿರಿ. ಈ ಸಲವೂ ಹಾಗೇ ಬರೆಯುತ್ತೀರಿ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಬರ್ಲಿನ್ ಗೋಡೆ ಬಿದ್ದ ಸುದ್ದಿ ರೇಡಿಯೊದಲ್ಲಿ ಕೇಳಿರಬೇಕು. ತುಯೆತ್ ಇರುವ ಕಾರ್ಖಾನೆಯಲ್ಲಿ ಕೆಲಸ ಅರ್ಧಕ್ಕಿಳಿದಿದೆಯಂತೆ. ನಮ್ಮವರು ಬೇಗ ಹಿಂದಿರುಗಬಹುದು ಎನ್ನುತ್ತಾರೆ. ಎಂದರೆ ನಾವು ಕಾಯುವುದೂ ಬೇಗ ಮುಗಿಯಬಹುದು.

ಮುಯಿಯ ಮಗ ನಡೆಯುತ್ತಾನೆಯೇ?

ದ್ವಾನ್

~

ಹನೋಯ್
22 ಏಪ್ರಿಲ್ 1990

ಥೋವಾ,

ತುಯೆತ್ ಬರುವುದಿಲ್ಲ. ಹೋದ ವಾರ ಅವಳಿಂದ ನಿಜವಾದ ಒಂದು ಕಾಗದ ಬಂತು, ನಾಲ್ಕು ಪುಟದ್ದು. ಜೊತೆಯ ಕೆಲಸದವನೊಬ್ಬನೊಂದಿಗೆ ಎರಡು ವರ್ಷದಿಂದ ಇದ್ದಾಳೆ. ಇಬ್ಬರೂ ಸೇರಿ ಮಾರುಕಟ್ಟೆಯಲ್ಲಿ ಬಟ್ಟೆ ಮಾರುತ್ತಾರೆ. ನಮ್ಮ ಮಗುವಿನ ಹೆಸರನ್ನು ಇಷ್ಟು ವರ್ಷದಲ್ಲಿ ಮೊದಲ ಬಾರಿ ಬರೆದಿದ್ದಾಳೆ. ಬಿಡುಗಡೆ ಕೇಳಿದ್ದಾಳೆ. ಓದಿ ಅತ್ತುಬಿಟ್ಟೆ. ಸಿಟ್ಟಿನಿಂದಲ್ಲ. ಅವಳು ನನ್ನಲ್ಲಿ ಕೇಳಲು ಹೆದರಿ ಎರಡು ವರ್ಷ ಕಾದಳಲ್ಲ ಎಂದು.

ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದೇನೆ. ನಾನು ಬರಲೇ? ಒಂದು ಸಾಲು ಸಾಕು. ನೀವು ಕರೆಯದೆ ಬಂದು ನಿಮ್ಮನ್ನು ಎಲ್ಲರೆದುರು ಮುಜುಗರಕ್ಕೆ ಗುರಿಮಾಡಲಾರೆ.

ದ್ವಾನ್

~

ನಾ ಲೂಂಗ್
30 ಸೆಪ್ಟೆಂಬರ್ 1990

ದ್ವಾನ್,

ನಿಮ್ಮ ಕಾಗದಗಳು ಎಲ್ಲವೂ ಬಂದವು. ಒಂದಕ್ಕೂ ಉತ್ತರ ಬರೆಯದೆ ಇದ್ದವಳು ನಾನೇ. ಅಂಚೆಯವನ ಮೇಲೆ ಅನುಮಾನ ಬೇಡ.

ನನಗೆ ಮಗಳು ಹುಟ್ಟಿದ್ದಾಳೆ. ಆಗಸ್ಟಿನಲ್ಲಿ. ಹೆಸರು ಲಾಮ್.

ವಸಂತದವರೆಗೆ ಕಾಯಿರಿ ಅಂತ ಬರೆದಿರಿ. ಇಷ್ಟು ವರ್ಷ ಕಾದವರಿಗೆ ಕೆಲವು ತಿಂಗಳು ಏನು ಅಂದಿರಿ. ಆ ಮಾತನ್ನ ನೀವು ಒಳ್ಳೆ ಮನಸ್ಸಿಂದಲೇ ಬರೆದಿರಿ, ಗೊತ್ತು. ಆದರೆ ನನ್ನ ಮಟ್ಟಿಗೆ ಅದು ಅತ್ಯಂತ ಕೆಟ್ಟ ಮಾತಾಗಿತ್ತು. ಹದಿನೆಂಟರಿಂದ ಕಾಯ್ತಾ ಇದ್ದೀನಿ. ಯುದ್ಧ ಮುಗೀಲಿ ಅಂತ, ಖಿಯೆಮ್ ಬರಲಿ ಅಂತ, ಮೈಮೇಲೆ ಸ್ವಲ್ಪ ಮಾಂಸ ಬರಲಿ ಅಂತ, ಯಾರಾದರೂ ಕೇಳಲಿ ಅಂತ. ಕೊನೆಗೆ ನಾನೇ ಬಾಯಿಬಿಟ್ಟು ಕೇಳಿದಾಗಲೂ ಕಾಯಿ ಅಂತಲೇ ಉತ್ತರ ಬಂತು. ತುಯೆತ್ ಅವರು ಖಂಡಿತ ಬರ್ತಾರೆ, ಅವರ ಮುಖ ನೋಡಿದ ಮೇಲೆ ನೀವು ಬರಲ್ಲ ಅಂತ ನಾನು ಅಂದುಕೊಂಡೆ. ಅದು ತಪ್ಪು ಲೆಕ್ಕ ಅಂತ ಏಪ್ರಿಲ್ ಕಾಗದದಲ್ಲಿ ತಿಳೀತು. ಅಷ್ಟರಲ್ಲಿ ಲಾಮ್ ನನ್ನ ಹೊಟ್ಟೆಯಲ್ಲಿ ಒದೀತಾ ಇದ್ದಳು.

ಅವಳ ಅಪ್ಪ ಸೇತುವೆ ಕೆಲಸಕ್ಕೆ ಬಂದಿದ್ದವನು. ಒಳ್ಳೆಯವನೇ. ಹೆಚ್ಚು ಮಾತಿಲ್ಲ. ಸೇತುವೆ ಮುಗೀತು, ಹೋದ. ಹೆಸರು ನಿಮಗೂ ಹೇಳಲ್ಲ.

ಬರಲೇ ಅಂತ ಕೇಳಿದಾಗ ಬೇಡ ಅಂತ ಬರೆಯೋಕೆ ಕೂತೆ, ಕೈ ಬರಲಿಲ್ಲ. ಬನ್ನಿ ಅಂತ ಬರೆದರೆ, ನೀವು ಬಂದು ನನ್ನ ಹೊಟ್ಟೆ ನೋಡಿ, ಮುಖ ಸಣ್ಣ ಮಾಡ್ಕೊಂಡು, ಆದರೂ ದೊಡ್ಡ ಮನಸ್ಸಿಂದ ಕ್ಷಮಿಸ್ತೀರಿ ಅಂತ ಹೆದರಿಕೆ. ಕ್ಷಮೆ ಬೇಡ. ನಾನು ಅವಳ ವಿಷಯದಲ್ಲಿ ಯಾರ ಮುಂದೆಯೂ ಪಶ್ಚಾತ್ತಾಪ ಪಡಲ್ಲ.

ಒಂದೇ ಒಂದು ವಿಷಯ ಹೇಳಿಬಿಡ್ತೀನಿ. ಅವಳು ಹುಟ್ಟಿದಾಗ ನರ್ಸಮ್ಮ ತಂದು ಎದೆ ಮೇಲೆ ಇಟ್ಟಳು. ನಾನು ಅವಳ ಮುಖದಲ್ಲಿ ನಿಮ್ಮನ್ನ ಹುಡುಕಿದೆ. ಇರೋಕೆ ಸಾಧ್ಯವೇ ಇಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹಣೆ ನೋಡಿದೆ, ಕಿವಿ ನೋಡಿದೆ.

ಬರೆಯೋದು ಇಷ್ಟೇ. ಹನೋಯ್‌ನಲ್ಲಿ ಯಾರಾದರೂ ಒಳ್ಳೆಯವರು ಸಿಗಲಿ ನಿಮಗೆ.

ಥೋವಾ

~

ಹನೋಯ್
17 ಅಕ್ಟೋಬರ್ 1990

ಥೋವಾ,

ನಿಮ್ಮ ಕಾಗದ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೊದಲು ಹೊಟ್ಟೆಕಿಚ್ಚಾಯಿತು. ಆ ಸೇತುವೆಯವನನ್ನು ಮನಸ್ಸಿನಲ್ಲೇ ಬೈದೆ. ನನಗೆ ಬೈಯಲು ಬರುವುದಿಲ್ಲ, ಅದೂ ಸರಿಯಾಗಿ ಆಗಲಿಲ್ಲ. ಆಮೇಲೆ ನಾನು ಬರೆದ ಆ ಸಾಲು ನೆನಪಾಯಿತು. ಬದುಕಿಡೀ ಮದುವೆಯ ವಯಸ್ಸು, ಹೆರುವ ವಯಸ್ಸು ಎಂದು ಲೆಕ್ಕ ಹಾಕಿದವನು, ನಿಮ್ಮ ಒಂದು ವಸಂತಕ್ಕೆ ಎಷ್ಟು ಬೆಲೆ ಎಂದು ತಿಳಿಯದೆ ಹೋದೆ.

ನಾನು ಯಾರನ್ನೂ ಕ್ಷಮಿಸಲು ಬರುತ್ತಿಲ್ಲ. ಆದರೆ ಬರುತ್ತಿದ್ದೇನೆ. ಮುಂದಿನ ತಿಂಗಳ ಮೊದಲ ಭಾನುವಾರ, ಬೆಳಗಿನ ರೈಲಿಗೆ. ಕರೆಯದೆ ಬರಲಾರೆ ಎಂದಿದ್ದೆ. ಈಗ ಆ ಮರ್ಯಾದೆಯೆಲ್ಲ ಸಾಕೆನಿಸಿದೆ. ನೀವು ಗುಡ್ಡದಿಂದ ಇಳಿಯದಿದ್ದರೆ ಮುಯಿಯ ಮಗನನ್ನು ನೋಡಿ, ಸಂಜೆಯ ಗಾಡಿಗೆ ಹಿಂದಿರುಗುತ್ತೇನೆ.

ಹುಡುಕಿದಿರಿ ಎಂದು ಬರೆದಿರಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ.

ದ್ವಾನ್

~

ನಾ ಲೂಂಗ್
20 ನವೆಂಬರ್ 1990

ದ್ವಾನ್,

ಕ್ಷೇಮವಾಗಿ ತಲುಪಿದ್ದೀರಿ ಅಂದುಕೊಂಡಿದ್ದೀನಿ. ನೀವು ಬಿಟ್ಟುಹೋದ ಕೆಮ್ಮು ಇಲ್ಲಿ ಎಲ್ಲರಿಗೂ ಬಂದಿದೆ, ಲಾಮ್ ಒಬ್ಬಳನ್ನ ಬಿಟ್ಟು.

ಲೈನಿನ ಹೆಂಗಸರು ಇನ್ನೂ ನಿಮ್ಮ ಮಾತೇ ಆಡ್ತಿದ್ದಾರೆ. ನೀವು ಬಂದಾಗ ಮುಯಿ ಬಾಗಿಲಲ್ಲೇ ತಡೆದು, 'ಮೇಷ್ಟ್ರೇ, ಈ ಸಲ ಪ್ರಶ್ನೆ ನಾವು ಕೇಳ್ತೀವಿ' ಅಂದಳಂತೆ. ಹೆಂಡತಿ ಇದ್ದಾಳಾ? ಯಾಕೆ ಇಲ್ಲ? ಅನ್ನ ಮಾಡೋಕೆ ಬರುತ್ತಾ? ಮಗು ಅತ್ತರೆ ಏನು ಮಾಡ್ತೀರಿ? ನೀವು ಒಂದಕ್ಕೂ ನಗಲಿಲ್ಲವಂತೆ, ಎಲ್ಲದಕ್ಕೂ ಯೋಚಿಸಿ ಉತ್ತರ ಕೊಟ್ಟಿರಂತೆ. ಕೊನೆಯದಕ್ಕೆ 'ಗೊತ್ತಿಲ್ಲ, ಮರೆತುಹೋಗಿದೆ' ಅಂದಿರಂತೆ. ಅಡುಗೆಮನೆಯ ಮುದುಕಿ ಅದಕ್ಕೇ ನಿಮ್ಮನ್ನ ಒಪ್ಪಿಕೊಂಡಳು. ಗೊತ್ತು ಅಂದಿದ್ದರೆ ಆಚೆ ಕಳಿಸ್ತಿದ್ದಳಂತೆ.

ವಾಪಸ್ ಹೊರಡುವಾಗ ನಿಲ್ದಾಣದಲ್ಲಿ ಎರಡು ಮಾತು ಕೇಳಿದಿರಿ. ಇಲ್ಲೇ ಯೆನ್ ಬಾಯ್ ಕಚೇರಿಗೆ ವರ್ಗ ಕೇಳಲಾ ಅಂತ ಒಂದು. ನ್ಯಾಯಾಲಯದ ಕಾಗದ ಬಂದ ಮೇಲೆ ಮದುವೆಯಾಗ್ತೀಯಾ ಅಂತ ಇನ್ನೊಂದು. 'ಆಗ್ತೀಯಾ' ಅಂದಿರಿ. ನನ್ನನ್ನ ನೀನು ಅಂದಿದ್ದು ಅದೇ ಮೊದಲ ಸಲ. ನಾನು ರೈಲು ನೋಡ್ತಾ ನಿಂತೆ. ನಿಮ್ಮ ಮುಖ ಬಾಡಿದ್ದು ಕಾಣಿಸಿತು.

ವರ್ಗ ಕೇಳಿ. ಮದುವೆಯ ಮಾತಿಗೆ ಈಗಲೇ ಹೂಂ ಅನ್ನಲ್ಲ. ಲಾಮ್ ನಿಮ್ಮ ಕನ್ನಡಕ ನೋಡಿ ಅಳೋದನ್ನ ನಿಲ್ಲಿಸಲಿ, ನೀವು ಒಂದು ಮಳೆಗಾಲ ಈ ಕೆಸರಲ್ಲಿ ಇದ್ದು ನೋಡಿ. ಬೇಡ ಅಂತಲ್ಲ ಇದು. ಅಷ್ಟು ಓದಿದವರು, ಇದನ್ನ ಸರಿಯಾಗಿ ಓದ್ಕೊಳ್ಳಿ.

ಇನ್ನೊಂದು ವಿಷಯ ಹೇಳಬೇಕು. ನೀವು ಬಂದ ದಿನ ನಾನು ಯಾಕೆ ಅಷ್ಟು ತಡವಾಗಿ ಇಳಿದು ಬಂದೆ ಅಂತ ಕೇಳಿದಿರಿ. ಎಲೆ ತೂಕ ಹಾಕೋ ಕಡೆ ಜನ ಜಾಸ್ತಿ ಇದ್ದರು ಅಂದೆ. ಯಾರೂ ಇರಲಿಲ್ಲ. ತೂಕ ಯಾವಾಗಲೋ ಮುಗಿದಿತ್ತು. ನಾನು ಮೇಲಿನ ಗುಡ್ಡದ ಅಂಚಲ್ಲಿ, ಚಹಾ ಗಿಡಗಳ ಮರೆಯಲ್ಲಿ ನಿಂತಿದ್ದೆ. ಅಲ್ಲಿಂದ ಲೈನ್ ಮನೆಯ ಅಂಗಳ ಪೂರ್ತಿ ಕಾಣುತ್ತೆ. ನೀವು ಪ್ಯಾಂಟ್ ಮಡಚಿಕೊಂಡು ಲಾಮ್‌ನ ಬಟ್ಟೆ ಹಿಂಡಿ ಹಿಂಡಿ ತಂತಿ ಮೇಲೆ ಹಾಕ್ತಾ ಇದ್ದಿರಿ. ಹೆಂಗಸರೆಲ್ಲ ಜಗುಲಿ ಮೇಲೆ ಕೂತು, ಹಾಗಲ್ಲ, ಹೀಗೆ, ಅಂತ ಅಪ್ಪಣೆ ಮಾಡ್ತಾ ಇದ್ದರು. ಒಂದು ಬಟ್ಟೆ ಹಾಕೋದು, ಗುಡ್ಡದ ದಾರಿ ಕಡೆ ತಿರುಗಿ ನೋಡೋದು. ಮತ್ತೊಂದು ಹಾಕೋದು, ಮತ್ತೆ ನೋಡೋದು.

ಕಾಲು ಕೆಳಗೆ ಇಳಿಯೋಕೆ ಆತುರ ಪಡ್ತಿತ್ತು. ನಾನೇ ಹಿಡಿದು ನಿಲ್ಲಿಸಿದೆ. ಇಷ್ಟು ವರ್ಷ ದಾರಿ ನೋಡಿದವಳು ನಾನು. ನನ್ನ ದಾರಿಯನ್ನ ಒಬ್ಬರು ನೋಡೋದು ಹೇಗಿರುತ್ತೆ ಅಂತ ಕಂಡೇ ಇರಲಿಲ್ಲ. ಅದನ್ನ ಸ್ವಲ್ಪ ಹೊತ್ತು ನೋಡ್ತಾ ನಿಂತೆ.

ಮುಂದಿನ ಸಲ ಬೇಗ ಇಳಿದು ಬರ್ತೀನಿ.

ಥೋವಾ